ಬಸ್ಸು ನಿಲ್ಲದ ತಂಗುದಾಣ

ಕಂಪ್ಯೂಟರ್ ವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಓದುತ್ತಿದ್ದ ರೇಖಾಳ ಪ್ರಬಂಧಕ್ಕೆ ಭೂಗೋಳದ ಕಡೆಯಿಂದ ಮಾರ್ಗದರ್ಶಕಿಯಾಗಲು, ನಿವೃತ್ತ ಅಧ್ಯಾಪಕಿಯಾದ ನಾನು ಒಪ್ಪಿದ್ದೆ. ವಿಷಯವನ್ನು ಮರುದಿನವೇ ಸಲ್ಲಿಸಬೇಕಾಗಿತ್ತು. ಗೋವಿನಕೋವಿಯಲ್ಲಿ ಅವಳ ಅಕ್ಕನ ಸೀಮಂತ ಮುಗಿಸಿಕೊಂಡು ನ್ಯಾಮತಿಯ ಬಸ್ಸಿಗೆಂದು ನಡೆಯುತ್ತಿದ್ದಾಗ ಅವಳು ತಾನು ಆರಿಸಿದ ವಿಷಯವನ್ನು ಹೇಳಿದಳು.

"ಬಸ್ಸು ನಿಜವಾಗಿ ಎಲ್ಲೆಲ್ಲಿ ನಿಲ್ತಾವೆ ಅಂತ ಪ್ರಯಾಣಿಕರ ಫೋನಿನಿಂದ ಕಂಡುಹಿಡಿದು ನಕ್ಷೆ ಮಾಡ್ತೀನಿ ಮೇಡಂ. ಬೋರ್ಡು ಒಂದು ಕಡೆ ಐತೆ, ಜನ ಕೈ ಮಾಡೋದು ಇನ್ನೊಂದು ಕಡೆ."

"ಕೈ ಮಾಡಿದಲ್ಲಿ ಬಸ್ಸು ನಿಲ್ಲಿಸುವುದು ಅಶಿಸ್ತು. ಅಶಿಸ್ತು ಸಂಶೋಧನೆಯ ವಿಷಯವಾಗದು. ಕೆರೆಗಳ ಉಪಗ್ರಹ ಚಿತ್ರಗಳನ್ನು ತೆಗೆದುಕೋ" ಎಂದೆ. ಅವಳ ಮುಖ ಬಾಡಿತು.

ಅಷ್ಟರಲ್ಲಿ ತಂಗುದಾಣ ಬಂತು. "ಇಲ್ಲಿ ಬಸ್ಸು ನಿಲ್ಲಂಗಿಲ್ಲ ಮೇಡಂ, ಗಿರಣಿ ಹತ್ರ ಹೋಗಾನ ಬರ್ರಿ" ಎಂದಳು ರೇಖಾ.

"ನಿಲ್ದಾಣವಿರುವುದು ಇಲ್ಲಿ" ಎಂದು ನಾನು ಕೊಡೆಯೂರಿ ನಿಂತೆ. ಅವಳು ಮುಂದೆ ಹೋದಳು.

ಬಸ್ಸು ವೇಗವನ್ನೂ ತಗ್ಗಿಸದೆ ನನ್ನೆದುರೇ ಹಾದುಹೋಗಿ ಹಿಟ್ಟಿನ ಗಿರಣಿಯ ಬಳಿ ನಿಂತಿತು. ಸೀರೆಯ ನೆರಿಗೆ ಹಿಡಿದುಕೊಂಡು ಓಡಿದೆ. ಕಿಟಕಿಗಳಿಂದ ತಲೆಗಳು ಹೊರಬಂದವು. ರೇಖಾ ಒಂದು ಕಾಲನ್ನು ಮೆಟ್ಟಿಲ ಮೇಲಿಟ್ಟು ನನಗಾಗಿ ಬಸ್ಸನ್ನು ತಡೆದು ನಿಲ್ಲಿಸಿದ್ದಳು.

"ಅಲ್ಲಿ ಯಾಕ್ ನಿಂತಿದ್ರಿ ಅಜ್ಜಿ? ಅದು ಎಮ್ಮೆ ಮಲಗೋ ಜಾಗ" ಎಂದ ಕಂಡಕ್ಟರ್. ಇಡೀ ಬಸ್ಸು ನಕ್ಕಿತು. ರೇಖಾ ಮಾತ್ರ ನಗಲಿಲ್ಲ. ನನ್ನನ್ನು ಹೆಚ್ಚು ನಾಚಿಸಿದ್ದು ಅದೇ.

ಅವಳ ಪಕ್ಕ ಕೂತು, "ನಿನ್ನ ವಿಷಯಕ್ಕೆ ನನ್ನ ಒಪ್ಪಿಗೆ ಇದೆ" ಎಂದೆ.

"ಕಾರಣ ಏನಂತ ಬರೀಲಿ ಮೇಡಂ?"

ಕಿಟಕಿಯಾಚೆ ನೋಡುತ್ತಲೇ ಹೇಳಿದೆ: "ಮಾರ್ಗದರ್ಶಕರು ಖುದ್ದಾಗಿ ಸ್ಥಳ ಪರಿಶೀಲನೆ ನಡೆಸಿದ್ದಾರೆ ಎಂದು ಬರೆ."