ದಂಡೆಗೆ ಬಂದ ಕಳೆ

ನಮ್ಮ ಊರು ಆಲಮಟ್ಟಿ ಹಿನ್ನೀರಿನ ದಂಡೆಗೆ ಐತಿ. ಅಣ್ಣ, ನಾನು ಇಬ್ಬರೂ ದಂಡೆಯಿಂದಲೇ ಬಲೆ ಹಾಕಿ ಮೀನು ಹಿಡಿಯುತ್ತಿದ್ದೆವು. ನನಗೆ ಕಸುಬು ಕಲಿಸಿದವನು ಅವನೇ. ಬೆಳಿಗ್ಗೆ ಎದ್ದವನೇ ಮೊದಲು ಗಾಳಿ ನೋಡುತ್ತಿದ್ದ. ಮೂಡಗಾಳಿ ಬೀಸಿದರೆ ನೀರಿನ ಮೇಲಿನ ಕಳೆ ಆಚೆ ದಂಡೆಗೆ ಹೋಗುತ್ತದೆ, ನಮ್ಮ ಕಡೆ ನೀರು ತಿಳಿಯಾಗುತ್ತದೆ. ಆಷಾಢದ ಪಡುವಣ ಗಾಳಿ ಬಂತೆಂದರೆ ಮುಗೀತು. ಹೊಸ ನೀರಿನೊಂದಿಗೆ ಬಂದ ಅಂತರಗಂಗೆ, ಪಾಚಿ, ಕೊಳೆತ ಜೊಂಡು ಎಲ್ಲವನ್ನೂ ತಂದು ನಮ್ಮ ದಂಡೆಗೆ ಒಟ್ಟುತ್ತದೆ.

ಆ ವರ್ಷ ಗಾಳಿ ನಿಲ್ಲಲೇ ಇಲ್ಲ. ಹದಿನೈದು ದಿನ ಬಲೆಯಲ್ಲಿ ಮೀನಿಗಿಂತ ಕಳೆಯೇ ಹೆಚ್ಚು. ಕೂತು ಬಿಡಿಸಿ ಬಿಡಿಸಿ ನಮ್ಮ ಬೆರಳು ಬಿರಿದಿದ್ದವು. ದಂಡೆಯಿಂದ ನೋಡಿದರೆ ನೀರೇ ಕಾಣುತ್ತಿರಲಿಲ್ಲ, ಹಸಿರು ಹೊಲದಂತೆ ಕಳೆ ಅಲುಗಾಡುತ್ತಿತ್ತು.

ಒಂದು ಮಧ್ಯಾಹ್ನ ಬಲೆ ಎಳೆಯಲು ಹೋದರೆ ಬರಲಿಲ್ಲ. ಕಳೆಯ ಭಾರಕ್ಕೆ ಎಲ್ಲೋ ತಳದಲ್ಲಿ ಸಿಕ್ಕಿತ್ತು.

"ಗಾಳಿ ನಿಲ್ಲಲಿ ಅಣ್ಣ, ನಾಳೆ ನೋಡೂಣು" ಅಂದೆ.

"ನಾಳೆತನ ಬಲಿ ಉಳೀತೈತೇನು? ಹಗ್ಗ ಹಿಡಿ, ಬಿಡಿಸಿ ಬರ್ತೇನಿ."

ನಡುವಿಗೆ ಹಗ್ಗ ಕಟ್ಟಿಕೊಂಡು ಇಳಿದ. ಎದೆಮಟ್ಟದ ನೀರಿನವರೆಗೆ ಕಳೆ ಸರಿಸುತ್ತ ಹೋದ. ಒಮ್ಮೆ ತಿರುಗಿ, "ಕಾಲಿಗೆ ಸುತ್ತಾಕತ್ತೈತಲೇ" ಅಂದ. ಆ ಮಾತಿನಲ್ಲಿ ಹೆದರಿಕೆ ಇರಲಿಲ್ಲ, ಸಿಟ್ಟಿತ್ತು. ಆಮೇಲೆ ದೊಡ್ಡ ಗಾಳಿ ಬಂತು. ಹೊರಗಿದ್ದ ಕಳೆಯೆಲ್ಲ ಒಂದೇ ಸಮನೆ ಒಳಗೆ ನುಗ್ಗಿ ಅವನು ಮಾಡಿಕೊಂಡ ದಾರಿ ಮುಚ್ಚಿತು. ಅವನ ತಲೆ ಕಾಣಲಿಲ್ಲ.

ಎಳೆದೆ. ಹಗ್ಗ ಬಿಗಿಯಾಯಿತೇ ಹೊರತು ಬರಲಿಲ್ಲ. ಕೂಗಿದೆ. ದೂರದಲ್ಲಿ ಕುರಿ ಮೇಯಿಸುತ್ತಿದ್ದ ಇಬ್ಬರು ಓಡಿ ಬಂದರು. ಮೂವರೂ ಕೂಡಿ ಎಳೆದಾಗ ಹಗ್ಗ ಒಮ್ಮೆಲೆ ಸಡಿಲಾಯಿತು. ತುದಿಯಲ್ಲಿ ಒಂದು ಹೊರೆ ಕಳೆ ಇತ್ತು, ಅಣ್ಣ ಇರಲಿಲ್ಲ. ನಾನು ಹಾರಿದೆ. ಕಳೆಯ ಕೆಳಗೆ ಕತ್ತಲು, ಕೈ ಹಾಕಿದಲ್ಲೆಲ್ಲ ಬೇರು. ಕುರಿಗಾರರು ನನ್ನ ಅಂಗಿ ಹಿಡಿದು ಹೊರಗೆಳೆದರು.

ದೋಣಿಯವರು ಬಂದು ಎರಡು ದಿನ ಹುಡುಕಿದರು. ಕಳೆಯಲ್ಲಿ ದೋಣಿ ಹಾಯಲಿಲ್ಲ. ಮೂರನೆಯ ದಿನ ಮಳೆ ಹೊಡೆದು ಗಾಳಿ ಬಿತ್ತು. ಕಳೆ ತುಂಡು ತುಂಡಾಗಿ ಚದುರಿತು. ಅಣ್ಣ ಸಿಕ್ಕ. ಬಲೆ ಹಾಕಿದ ಜಾಗದಿಂದ ಹತ್ತು ಮಾರು ದೂರ, ಬಲೆಯೂ ಅವನ ಜೊತೆಗೇ ಇತ್ತು.

ಮಣ್ಣು ಮಾಡಿ ಬಂದ ಸಂಜೆ ಅಣ್ಣನ ಹೆಂಡತಿ, ನಮ್ಮ ವೈನಿ, ಒಂದೇ ಮಾತು ಕೇಳಿದಳು. "ಹಗ್ಗ ನಿನ್ನ ಕೈಯಾಗ ಇತ್ತಲ್ಲಪ್ಪ?"

"ಹೌದ್ರಿ ವೈನಿ" ಅಂದೆ. ಬಿಚ್ಚಿಹೋದ ಗಂಟು ಅವನೇ ಹಾಕಿಕೊಂಡದ್ದು ಅನ್ನಬಹುದಿತ್ತು. ಆದರೆ ನಾನು ಗಟ್ಟಿಯಾಗಿ 'ಬ್ಯಾಡ' ಅಂದಿದ್ದರೆ ಅವನು ಇಳಿಯುತ್ತಿರಲಿಲ್ಲ, ಅದು ಅವಳಿಗೂ ಗೊತ್ತು.

ಈಗ ನಾಲತವಾಡದ ಸಂತೆಯಲ್ಲಿ ಮೂಟೆ ಹೊರುತ್ತೇನೆ. ವೈನಿ ನನ್ನ ಎದುರು ಬಂದರೆ ಸೆರಗು ಸರಿಮಾಡಿಕೊಂಡು ಆಚೆ ಸರಿಯುತ್ತಾಳೆ. ಅವಳ ಬಾಗಿಲಿಗೆ ಹೋಗಿ ನಿಲ್ಲಬೇಕು ಅಂದುಕೊಂಡು ಎಷ್ಟೋ ಸಲ ಹೊರಟು, ಅರ್ಧ ದಾರಿಯಿಂದ ಹೊಳ್ಳಿ ಬಂದಿದ್ದೇನೆ.