ಜಾಜಿನ ಗುರುತು

ಇಂಗ್ಲಿಷಿನಲ್ಲಿ ‘ಕನ್’ ಎಂದು ಶುರುವಾಗುವ ಪದಗಳ ಮೇಲೆ ನನಗೆ ಈಗಲೂ ಸಿಟ್ಟಿದೆ. ಕನ್ಫೆಸ್, ಕನ್ಫರ್ಮ್, ಕನ್ಫೈನ್. ತಪ್ಪೊಪ್ಪಿಕೋ, ಖಚಿತಪಡಿಸು, ಕೂಡಿಹಾಕು. ಒಂದರ ಅರ್ಥ ಕೇಳಿದರೆ ಇನ್ನೊಂದರದು ಬಾಯಿಗೆ ಬರುತ್ತಿತ್ತು. ಶಿಕ್ಷಕರ ಪರೀಕ್ಷೆಗೆ ಓದುವಾಗ ಅಪ್ಪನೇ ನನಗೆ ಮೇಷ್ಟ್ರು. ಚಿಕ್ಕಜಾಜೂರಿನ ಆಚೆ ನಮ್ಮ ಊರಲ್ಲಿ ಕುರಿ ಸಾಕುವ ಅಪ್ಪನಿಗೆ ಇಂಗ್ಲಿಷ್ ಬಾರದು. ನಿಘಂಟಿನಲ್ಲಿದ್ದ ಕನ್ನಡದ ಅರ್ಥ ಅವನು ಓದುತ್ತಿದ್ದ, ಪದ ನಾನು ಹೇಳಬೇಕಿತ್ತು.

“ಎಲ್ಲಾ ಒಂದೇ ಮುಖದ ಮರಿ ಇದ್ದಂಗೆ ಅವಲ್ಲೇ! ತಡಿ, ಗುರುತು ಹಾಕಾಣ.”

ಬೇರೆಯವರ ಮಂದೆಗೆ ಸೇರಿಹೋಗದಿರಲೆಂದು ಹೊಸ ಮರಿಯ ಬೆನ್ನಿಗೆ ಜಾಜು, ಅಂದರೆ ಕೆಮ್ಮಣ್ಣು, ಕಲಸಿ ಹೆಬ್ಬೆಟ್ಟು ಒತ್ತುವುದು ನಮ್ಮ ಮನೆಯ ರೂಢಿ. ನಿಘಂಟಿನಲ್ಲಿ ನಾನು ತಪ್ಪಿದ ಪದದ ಪಕ್ಕದಲ್ಲೂ ಅಪ್ಪ ಹಾಗೇ ಒತ್ತಿದ. “ಇನ್ನ ಇದು ನಮ್ದು. ಎಲ್ಲಿಗೆ ಹೋಗ್ತೈತೆ?”

ನಾನು ಪಾಸಾದೆ. ಶ್ರೀರಾಂಪುರದ ಕಡೆ ಕೆಲಸ ಸಿಕ್ಕಿತು.

ಈ ವರ್ಷ ಅಪ್ಪನಿಗೆ ಲಕ್ವ ಹೊಡೆಯಿತು. ಬಲಗೈ ಬಿತ್ತು, ಮಾತು ಹೋಯಿತು. ದುರ್ಗದ ಆಸ್ಪತ್ರೆಯಲ್ಲಿ ಮಾತು ಕಲಿಸುವ ಹುಡುಗಿ, “ಮೊದಲ ಅಕ್ಷರ ನೀವು ಹೇಳ್ರಿ, ಉಳಿದದ್ದು ಅವ್ರು ಹೇಳ್ಲಿ” ಅಂದಳು. ತಲೆಯಾಡಿಸಿದೆ. ಆ ದಿನಗಳಲ್ಲಿ ನನಗೆ ಏನೂ ಅನ್ನಿಸುತ್ತಿರಲಿಲ್ಲ. ಉಂಡರೆ ರುಚಿ ಇಲ್ಲ, ಉಣ್ಣದಿದ್ದರೆ ಹಸಿವಿಲ್ಲ.

ರಜೆ ಹಾಕಿ ಮನೆಯಲ್ಲಿ ಪಾಠ ಶುರು ಮಾಡಿದೆ. ‘ನೀ’ ಅಂದರೆ ‘ನೀರು’ ಬಂತು. ‘ಕು’ ಅಂದರೆ ಕುರಿ ಬಂತು, ಅದು ಬಾರದೇ ಇರುತ್ತದೆಯೇ! ನನಗೆ ಬೇಕಾಗಿದ್ದದ್ದು ‘ಮಗಳು’ ಎಂಬ ಪದ. ನಾನು ಯಾರೆಂದು ಅವನಿಗೆ ಗೊತ್ತಿದೆಯೋ ಇಲ್ಲವೋ, ಅಷ್ಟು ತಿಳಿಯಬೇಕಿತ್ತು.

“ನಾನ್ಯಾರು ಹೇಳಪ್ಪ? ಮ...”

“ಮ... ಮಜ್ಜಿಗೆ.”

“ಅಲ್ಲಪ್ಪ. ಮ...”

“ಮಳೆ.”

ಮತ್ತೆ ಮತ್ತೆ ಕೇಳಿದೆ. ಅಪ್ಪನ ಕಣ್ಣು ತುಂಬಿತು. ಅಂಗಳದಲ್ಲಿ ನಮ್ಮ ಪಕ್ಕದಲ್ಲೇ ಕೂತು ಮರಿಗಳಿಗೆ ಗುರುತು ಹಾಕುತ್ತಿದ್ದ ಅವ್ವ, “ಸಾಕು ಬಿಡೇ, ದಣಿದವ್ರೆ” ಎಂದು ಗದರಿದಳು. ನಿಲ್ಲಿಸಿದೆ.

ಅಪ್ಪ ಎಡಗೈ ಚಾಚಿ ಜಾಜಿನ ಬಟ್ಟಲಿಗೆ ಹೆಬ್ಬೆಟ್ಟು ಅದ್ದಿದ. ಹಳೆಯ ಅಭ್ಯಾಸ, ಮಾಡಲಿ ಎಂದು ಒಂದು ಮರಿಯನ್ನು ಎತ್ತಿ ಅವನ ಹತ್ತಿರ ಹಿಡಿದೆ. ಅವನು ಮರಿಯನ್ನು ಮೊಣಕೈಯಿಂದ ಆಚೆ ತಳ್ಳಿ, ನನ್ನ ಮುಂಗೈ ಮೇಲೆ ಒತ್ತಿದ. ಬಹಳ ಹೊತ್ತು ಒತ್ತಿ ಹಿಡಿದ.

ಆಗಲೂ ಅಳು ಬರಲಿಲ್ಲ. ಸಂಜೆ ಸ್ನಾನ ಮಾಡುವಾಗ ಆ ಕೈಯೊಂದನ್ನು ನೀರು ತಾಕದಂತೆ ಮೇಲೆತ್ತಿ ಹಿಡಿದಿದ್ದೆ.