ತಲುಪದ ಕಾಗದ ಓದಿದ ಮೇಷ್ಟ್ರು

ನಮ್ಮ ಮೇಷ್ಟ್ರ ಬಲಗಿವಿ ಎಡಗಿವಿಗಿಂತ ಒಂದು ಬೆರಳಿನಷ್ಟು ಮುಂದಕ್ಕೆ ಬಾಗಿತ್ತು. ನೆಲ್ಯಹುದಿಕೇರಿಯಲ್ಲಿ ಮೂವತ್ತಾರು ವರ್ಷ ಮಕ್ಕಳಿಗೆ ಕನ್ನಡ ಕಲಿಸುವಾಗ ಆ ಕಿವಿಯ ಹಿಂದೆ ಸದಾ ಒಂದು ಕೆಂಪು ಪೆನ್ನು ಸಿಕ್ಕಿಸಿಕೊಂಡಿರುತ್ತಿದ್ದರು. ನಿವೃತ್ತಿಯಾದ ಮೇಲೂ ಪೆನ್ನು ಅಲ್ಲಿಂದ ಇಳಿಯಲಿಲ್ಲ. ಯಾರಾದರೂ ಮದುವೆ ಕಾಗದ ಕೊಡಲು ಹೋದರೆ ಮೊದಲು ಅದರ ತಪ್ಪು ತಿದ್ದಿ, ಆಮೇಲೆ ಹುಡುಗಿ ಯಾವ ಊರು ಎಂದು ವಿಚಾರಿಸುತ್ತಿದ್ದರು.

ನಾನು ಅವರ ಶಾಲೆಯಲ್ಲಿ ಓದಿದವನಲ್ಲ. ನಮ್ಮ ಮನೆಯವರು ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ನೆಲೆಸಿದವರು. ಐದನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಎಸ್ಟೇಟಿನ ಲಾರಿಗೆ ಮೂಟೆ ಹೇರುತ್ತಿದ್ದೆ. ಮೂವತ್ತೆರಡನೇ ವಯಸ್ಸಿನಲ್ಲಿ ಎಸ್ಸೆಸ್ಸೆಲ್ಸಿಗೆ ಕಟ್ಟಬೇಕು ಅನ್ನಿಸಿದಾಗ, ನಾಚಿಕೆ ಬಿಟ್ಟು ಅವರ ಜಗಲಿಗೆ ಹೋಗಿ ನಿಂತೆ. ಪ್ರತಿ ಭಾನುವಾರ ಪಾಠ. ಒಂದು ಸಲ ಹಂಪಿಯ ಮೇಲೆ ಪ್ರಬಂಧ ಬರೆಸಿದರು. ನಾನು ಸೂರ್ಯಾಸ್ತ, ಕಲ್ಲಿನ ಕಂಬ, ಏನೇನೋ ಸೇರಿಸಿ ಎರಡು ಪುಟ ತುಂಬಿಸಿದೆ. ಅವರು ಓದಿ, ಹಂಪಿ ನೋಡಿದ್ದೀಯಾ ಎಂದು ಕೇಳಿದರು. ಇಲ್ಲ ಎಂದೆ.

"ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅಂತ ಬರಿ ಮಾರಾಯ. ನೀನು ಊಹೆ ಮಾಡಿ ಬರೆದದ್ದಕ್ಕೆ ನಾನು ಹೇಗೆ ಮಾರ್ಕ್ ಕೊಡ್ಲಿ?" ಎಂದು ಎರಡೂ ಪುಟಕ್ಕೆ ಅಡ್ಡಗೆರೆ ಎಳೆದರು.

ಎರಡನೇ ಸಲಕ್ಕೆ ಪಾಸಾದೆ. ಅದೇ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಕೆಲಸ ಸಿಕ್ಕಿತು. ಅಂದಿನಿಂದ ಮೇಷ್ಟ್ರು ನನ್ನ ಹೆಸರು ಕರೆಯಲಿಲ್ಲ. "ಏನು ರೈಟರೇ, ಇವತ್ತು ಎಷ್ಟು ಸಾಲು ಬರೆದ್ರಿ?" ಎಂದು ಬಸ್ ಸ್ಟ್ಯಾಂಡಿನಲ್ಲಿ ಎಲ್ಲರಿಗೂ ಕೇಳುವ ಹಾಗೆ ತಮಾಷೆ ಮಾಡುತ್ತಿದ್ದರು.

ಅವರು ಎಂದೂ ಮಾತಾಡದ ವಿಷಯ ಒಂದಿತ್ತು: ಅವರ ತಂದೆಯ ತಂದೆ. ಬ್ರಿಟಿಷರ ಕಾಲದಲ್ಲಿ ಇಂಗ್ಲಿಷ್ ದೊರೆಯ ತೋಟದಲ್ಲಿ ಗುಮಾಸ್ತರಾಗಿದ್ದ ಆ ಮನುಷ್ಯ, ಯುರೋಪಿನ ಜನರಿಗೆ ಇಸ್ಲಾಂ ಏನೆಂದು ತಿಳಿಸಿ ಹೇಳುತ್ತೇನೆಂದು ಹಡಗು ಹತ್ತಿದರಂತೆ. ಮನೆಯಲ್ಲಿ ಐದು ವರ್ಷದ ಮಗ, ಬಸುರಿ ಹೆಂಡತಿ. ಹೋದವರ ಒಂದು ಕಾಗದವೂ ಬರಲಿಲ್ಲ. ಅಲ್ಲೇ ಮದುವೆಯಾದರು ಎಂದು ಕೆಲವರು, ಮತವನ್ನೇ ಬಿಟ್ಟರು ಎಂದು ಕೆಲವರು ಹೇಳಿದರು. ಆ ಹೆಂಡತಿಯನ್ನು, ಅಂದರೆ ತಮ್ಮ ಅಜ್ಜಿಯನ್ನು, ಮೇಷ್ಟ್ರು ವಲ್ಯುಮ್ಮ ಎನ್ನುತ್ತಿದ್ದರು. ವಲ್ಯುಮ್ಮ ಕಾದು ಕಾದು ತೀರಿಕೊಂಡರು. ಮಗ, ಅಂದರೆ ಮೇಷ್ಟ್ರ ತಂದೆ, ಮನೆಯಲ್ಲಿ ಅಪ್ಪನ ಹೆಸರು ಎತ್ತಬಾರದು ಎಂದು ಕಟ್ಟಳೆ ಮಾಡಿದರು. ಆಗ ಹೊಟ್ಟೆಯಲ್ಲಿದ್ದ ಮಗಳು ಮೇಷ್ಟ್ರ ಸೋದರತ್ತೆ. ಅವರು ಅಮ್ಮಾಯಿ ಎನ್ನುತ್ತಿದ್ದ ಆಕೆ ತೊಂಬತ್ತು ದಾಟಿ, ಸಿದ್ದಾಪುರದಲ್ಲಿ ಮೊಮ್ಮಗನ ಮನೆಯಲ್ಲಿದ್ದರು. ಅಪ್ಪನಿಗೆ ಉಪ್ಪ, ಅಮ್ಮನಿಗೆ ಉಮ್ಮ ಅನ್ನುವುದು ಆ ಮನೆಯ ರೂಢಿ. ಉಪ್ಪ ಅನ್ನುವ ಮಾತು ಬಂದರೆ ಮುಖ ಗೋಡೆಯ ಕಡೆ ತಿರುಗಿಸುತ್ತಿದ್ದರಂತೆ.

ಹೀಗಿರುವಾಗ ಕೋಝಿಕ್ಕೋಡಿನ ಕಾಲೇಜಿನ ಒಬ್ಬರು ಲೆಕ್ಚರರ್ ಮೇಡಂ ಮೇಷ್ಟ್ರನ್ನು ಹುಡುಕಿಕೊಂಡು ಬಂದರು. ಆ ಕಾಲದಲ್ಲಿ ಯುರೋಪಿಗೆ ಧರ್ಮಪ್ರಚಾರಕ್ಕೆ ಹೋದ ಮುಸ್ಲಿಮರ ಮೇಲೆ ಸರ್ಕಾರ ಹೇಗೆ ಕಣ್ಣಿಟ್ಟಿತ್ತು ಎಂಬುದು ಆಕೆಯ ಅಧ್ಯಯನ. ಲಂಡನ್ನಿನ ಹಳೆಯ ಕಡತಗಳಲ್ಲಿ ನೆಲ್ಯಹುದಿಕೇರಿ ಎಂಬ ಹೆಸರು ಕಂಡು ಇಲ್ಲಿಗೆ ಬಂದಿದ್ದರು. ಮೇಷ್ಟ್ರ ಅಜ್ಜನ ಮೇಲೆ ಒಂದು ಇಡೀ ಫೈಲ್ ಇತ್ತು. ಅದರ ನಕಲನ್ನು ಮೇಷ್ಟ್ರ ಕೈಗೆ ಕೊಟ್ಟು ಹೋದರು.

ಇಂಗ್ಲಿಷನ್ನು ಅವರು ಓದಿ ಹೇಳುವುದು, ಕನ್ನಡದಲ್ಲಿ ನಾನು ಕಂಪ್ಯೂಟರಿನಲ್ಲಿ ಹೊಡೆಯುವುದು ಎಂದಾಯಿತು. ನನ್ನದು ಎರಡೇ ಬೆರಳಿನ ಟೈಪಿಂಗು. ಒಂದು ಪುಟಕ್ಕೆ ಒಂದು ಭಾನುವಾರ ಬೇಕಾಗುತ್ತಿತ್ತು.

ಫೈಲಿನಲ್ಲಿ ಇದ್ದದ್ದು ಬಹಳ ಮಟ್ಟಿಗೆ ಅಜ್ಜನ ಹಿಂದೆ ಬಿದ್ದ ಬ್ರಿಟಿಷ್ ಗೂಢಚಾರನ ಅನುಮಾನವೇ. ಮೊದಲು ಲಂಡನ್, ಆಮೇಲೆ ಬರ್ಲಿನ್. ಎತ್ತರದ ಆಳು, ಬಿಸಿಲಿದ್ದರೂ ಛತ್ರಿ ಹಿಡಿಯುತ್ತಾನೆ, ಛತ್ರಿಯಲ್ಲಿ ಏನಿದೆಯೋ ನೋಡಬೇಕು. ಶುಕ್ರವಾರ ಇವನ ಕೋಣೆಗೆ ಮೂವರು ವಿದ್ಯಾರ್ಥಿಗಳು ಬರುತ್ತಾರೆ. ಹೊರಗೆ ಪ್ರಾರ್ಥನೆ ಎನ್ನುತ್ತಾರೆ, ಒಳಗೆ ರಾಜಕೀಯ ಇರಬೇಕು. ಒಬ್ಬ ಬಿಳಿಯ ಹೆಂಗಸು ಎರಡು ವಾರ ಸತತವಾಗಿ ಬಂದಿದ್ದಾಳೆ. ಒಂದೊಂದು "ಇರಬೇಕು" ಬಂದಾಗಲೂ ಮೇಷ್ಟ್ರು ಅದರ ಕೆಳಗೆ ಕೆಂಪು ಗೆರೆ ಎಳೆದರು. ಪುಟ ಮುಗಿಯುವಾಗ ಸುಮ್ಮನೆ ನಕ್ಕು, ಈ ಸಾಹೇಬ ನಮ್ಮ ಹಂಪಿ ಪ್ರಬಂಧದವನ ಅಣ್ಣ ಎಂದರು.

ಆ ನಗು ಫೈಲಿನ ಕೊನೆಯ ಭಾಗ ಬರುವವರೆಗೆ ಮಾತ್ರ ಇತ್ತು. ಅಲ್ಲಿ ಏಳು ಕಾಗದಗಳಿದ್ದವು. ನಮ್ಮ ಕೈಲಿದ್ದದ್ದು ನಕಲು, ಮೂಲ ಕಾಗದಗಳು ಲಂಡನ್ನಿನ ಫೈಲಿನಲ್ಲೇ ಉಳಿದಿದ್ದವು. ಹೆಂಡತಿಗೆ ಬರೆದವು. ಅಂಚೆಯಲ್ಲಿ ತಡೆದು, ಒಡೆದು, ಅಲ್ಲೇ ಇಟ್ಟುಕೊಂಡಿದ್ದರು. ಮೇಲೆ ಒಬ್ಬ ಭಾಷಾಂತರಕಾರನ ಟಿಪ್ಪಣಿ: ಅಕ್ಷರ ಅರಬಿಯದು, ಆದರೆ ಅರಬಿ ಅಲ್ಲ, ಉರ್ದು ಅಲ್ಲ, ಪಾರಸಿ ಅಲ್ಲ, ಗುಪ್ತ ಸಂಕೇತ ಇರಬಹುದು, ಮುಂದಕ್ಕೆ ಕಳಿಸಬಾರದು.

ಮೇಷ್ಟ್ರು ಆ ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದರು. ಅವರ ತುಟಿ ಅಲುಗಾಡತೊಡಗಿತು. ಅದು ಅರಬಿ ಅಕ್ಷರದಲ್ಲಿ ಬರೆದ ಮಲಯಾಳ. ಹಿಂದೆ ಮಾಪಿಳ್ಳೆ ಮುಸ್ಲಿಮರ ಮನೆಯಲ್ಲಿ, ಶಾಲೆಯ ಮೆಟ್ಟಿಲು ಹತ್ತದ ಹೆಂಗಸರೂ ಓದುತ್ತಿದ್ದದ್ದು ಹೀಗೇ. ಮೇಷ್ಟ್ರು ಮದರಸದಲ್ಲಿ ಅದನ್ನು ಕಲಿತಿದ್ದರು.

"ವಲ್ಯುಮ್ಮನಿಗೆ ಕೊಟ್ಟಿದ್ರೆ ಒಲೆ ಮುಂದೆ ಕೂತು ಓದ್ತಿದ್ರು. ಒಬ್ಬರನ್ನಾದ್ರೂ ಕೇಳಬಹುದಿತ್ತಲ್ಲ ರೈಟರೇ," ಎಂದರು. ಪೆನ್ನು ತೆಗೆಯಲಿಲ್ಲ.

ಏಳನ್ನೂ ಮೇಷ್ಟ್ರು ಕನ್ನಡದಲ್ಲಿ ಹೇಳಿ ನನ್ನಿಂದ ಹೊಡೆಸಿದರು. ಕಾಗದಗಳಲ್ಲಿ ಹೆಚ್ಚಾಗಿ ಇದ್ದದ್ದು ಇಷ್ಟು. ಬಾವಿ ಹತ್ತಿರ ನೆಟ್ಟ ಮೆಣಸಿನ ಬಳ್ಳಿ ಹತ್ತಿತೋ ಇಲ್ಲವೋ. ಇಲ್ಲಿ ನನ್ನ ಮಾತು ಕೇಳಲು ಬರುವವರಿಗಿಂತ ಚಹಾ ಕುಡಿಯಲು ಬರುವವರು ಜಾಸ್ತಿ. ಒಬ್ಬರೂ ನಮ್ಮ ದೀನಿಗೆ, ನಮ್ಮ ಮತಕ್ಕೆ, ಬಂದಿಲ್ಲ, ಮನೆಯೊಡತಿ ಮಾತ್ರ ಮೀನಿನ ಸಾರಿಗೆ ಬಂದಿದ್ದಾಳೆ. ಹುಟ್ಟಿದ್ದು ಗಂಡೋ ಹೆಣ್ಣೋ, ಒಂದು ಸಾಲು ಬರೆ. ಹೆಣ್ಣಾದರೆ ನನ್ನ ಉಮ್ಮನ ಹೆಸರಿಡು.

ಇದೇ ಫೈಲಿನಲ್ಲಿ, ಮಡಿಕೇರಿಯಿಂದ ಪೊಲೀಸರು ವಲ್ಯುಮ್ಮನ ಮನೆಗೆ ವಿಚಾರಣೆಗೆ ಹೋದ ವರದಿಯೂ ಇತ್ತು. ಗಂಡನಿಂದ ಕಾಗದ ಬಂದಿಲ್ಲ ಎನ್ನುತ್ತಾಳೆ, ಏನೋ ಮುಚ್ಚಿಡುತ್ತಿರುವಂತೆ ಕಾಣುತ್ತದೆ ಎಂದು ಬರೆದಿದ್ದರು. ಕಾಗದ ಇಟ್ಟುಕೊಂಡ ಸರ್ಕಾರವೇ ಕಾಗದ ಎಲ್ಲಿ ಎಂದು ಆಕೆಯನ್ನು ಕೇಳಿತ್ತು. ಆ ಪುಟವನ್ನು ಮೇಷ್ಟ್ರು ನನ್ನಿಂದ ಎರಡು ಸಲ ಓದಿಸಿದರು. ಅಜ್ಜ ಆಮೇಲೆ ಏನಾದರು ಎಂಬುದು ಮಾತ್ರ ಫೈಲಿನಲ್ಲಿ ಎಲ್ಲೂ ಇರಲಿಲ್ಲ.

ಇದನ್ನು ಅಮ್ಮಾಯಿಗೆ ಹೇಳುವುದೋ ಬೇಡವೋ ಎಂದು ಅವರು ಒಂದು ತಿಂಗಳು ಒದ್ದಾಡಿದರು. ಹೇಳಲೇಬೇಕು ಎಂದು ನಾನು ಹಟ ಮಾಡಿದೆ. ನಿನಗೆ ಅರ್ಥ ಆಗೋದಿಲ್ಲ ಎಂದು ಗದರಿದರು. ತೊಂಬತ್ತು ವರ್ಷ ಆ ಮುದುಕಿ ನಿಂತಿದ್ದೇ ಸಿಟ್ಟಿನ ಮೇಲೆ, ಅದನ್ನು ಕಿತ್ತರೆ ಕೂರಲಿಕ್ಕೂ ಜಾಗ ಇರೋದಿಲ್ಲ ಎಂದರು. ಅವರಿಗೂ ವಯಸ್ಸಾಗಿತ್ತು, ಎದೆಯಲ್ಲಿ ಆಗಾಗ ನೋವು ಬರುತ್ತಿತ್ತು. ತಾವು ಹೋದರೆ ಆ ಅಕ್ಷರ ಓದುವವರು ಮನೆಯಲ್ಲಿ ಇನ್ನು ಯಾರೂ ಇಲ್ಲ ಎಂಬುದು ಅವರಿಗೆ ಗೊತ್ತಿತ್ತು.

ಕೊನೆಗೆ ಕಾಫಿ ಪಿಕ್ಕಿಂಗ್ ಮುಗಿದ ವಾರ, ನನ್ನ ಬೈಕಿನ ಹಿಂದೆ ಕುಳಿತು ಸಿದ್ದಾಪುರಕ್ಕೆ ಹೊರಟರು. ಅಮ್ಮಾಯಿ ಮಂಚದ ಮೇಲೆ ಗೋಡೆ ಕಡೆ ತಿರುಗಿ ಮಲಗಿದ್ದರು. ಮೇಷ್ಟ್ರು ಪೀಠಿಕೆ ಹಾಕಲಿಲ್ಲ, ಓದತೊಡಗಿದರು. ನನಗೆ ಮಲಯಾಳ ಅರ್ಧ ತಿಳಿಯುತ್ತದೆ. ಹೆಣ್ಣಾದರೆ ನನ್ನ ಉಮ್ಮನ ಹೆಸರಿಡು ಎಂಬಲ್ಲಿ ಬಂದಾಗ ಅಮ್ಮಾಯಿ ಇತ್ತ ತಿರುಗಿದರು. ಅವರಿಗೆ ಇಟ್ಟಿದ್ದು ಅದೇ ಹೆಸರು. ಯಾರೂ ಹೇಳಿ ಕಳಿಸದೆ ವಲ್ಯುಮ್ಮ ತಾನಾಗಿಯೇ ಇಟ್ಟದ್ದು. ಆ ಸಾಲನ್ನು ಮತ್ತೆ ಮತ್ತೆ ಓದಿಸಿಕೊಂಡರು. ಅಳಲಿಲ್ಲ. ಮೇಷ್ಟ್ರ ಮೊಣಕೈ ಹಿಡಿದು, ಮಗನನ್ನು ಕರೆಯುವ ಹಾಗೆ ಕರೆದು ಒಂದೇ ಮಾತು ಕೇಳಿದರು:

"ಉಮ್ಮನಿಗೆ ಯಾರು ಹೇಳ್ತಾರೆ ಮೋನೆ?"

ವಾಪಸ್ ಬರುವಾಗ ಮೇಷ್ಟ್ರು ಮನೆಗೆ ಬೇಡ, ಪಳ್ಳಿ ಹತ್ತಿರ ನಿಲ್ಲಿಸು ಎಂದರು. ಮಸೀದಿಯ ಹಿಂದಿನ ಖಬರಸ್ಥಾನದಲ್ಲಿ ವಲ್ಯುಮ್ಮನ ಗೋರಿಯ ಮೀಸಾನ್ ಕಲ್ಲು ಪಾಚಿಗಟ್ಟಿ ಒಂದು ಬದಿಗೆ ವಾಲಿದೆ. ಅದರ ಮುಂದೆ ಮೊದಲು ಫಾತಿಹಾ ಓದಿದರು. ಆಮೇಲೆ ಚೀಲದಿಂದ ಕಾಗದ ತೆಗೆದರು. ಆ ದಾರಿಯಲ್ಲಿ ಬಂದ ಮುಕ್ರಿಕ್ಕ, ಬಾಂಗ್ ಕೂಗುವವರು, ಇದೇನು ಮೇಷ್ಟ್ರೇ, ಇದು ಯಾವ ಕಿತಾಬಲ್ಲೂ ಇಲ್ಲವಲ್ಲ ಎಂದು ಕೇಳಿದರು.

"ಇಲ್ಲ ಮುಕ್ರಿಕ್ಕಾ, ಇದು ಅಂಚೆ ಕೆಲಸ," ಎಂದರು ಮೇಷ್ಟ್ರು. ಮುಕ್ರಿಕ್ಕ ಅಲ್ಲೇ ಚಪ್ಪಲಿ ಬಿಟ್ಟು ಪಕ್ಕದಲ್ಲಿ ನಿಂತರು.

ಹಿಂದಿನ ಬೆಂಚಿಗೂ ಕೇಳುವ ಹಾಗೆ ಪಾಠ ಮಾಡುತ್ತಿದ್ದ ಅದೇ ದನಿಯಲ್ಲಿ ಒಂದೊಂದೇ ಕಾಗದ ಓದಿದರು. ಆರು ಓದಿ ಚೀಲ ಕಟ್ಟಿದರು. ಅಮ್ಮಾಯಿಗೆ ಓದಿದ್ದೂ ಆರೇ ಎಂದು ನನಗೆ ಆಗ ಹೊಳೆಯಿತು. ಏಳನೆಯದನ್ನು ಯಾಕೆ ಓದಲಿಲ್ಲ ಎಂದು ಕೇಳಿದೆ.

"ಅದು ಉತ್ತರ ಬಾರದ ಸಿಟ್ಟಲ್ಲಿ ಬರೆದದ್ದು. ಕಾಗದಗಳು ಮುಟ್ಟಿದ್ರೆ ಅವರು ಅದನ್ನ ಬರೀತಾನೇ ಇರ್ಲಿಲ್ಲ. ಅದನ್ನ ಅಳಿಸು," ಎಂದರು.

ಜೀವಮಾನವಿಡೀ ಒಂದು ಅಕ್ಷರ ಬಿಟ್ಟರೂ ಬಿಡದ ಮನುಷ್ಯ ಹೀಗೆ ಹೇಳಿದ್ದು ನನಗೆ ಸರಿ ಕಾಣಲಿಲ್ಲ. ಆದರೂ ಆ ಭಾನುವಾರ ಕಂಪ್ಯೂಟರಿನಿಂದ ಅಳಿಸಿದೆ.

ಆ ಮಳೆಗಾಲಕ್ಕೆ ಅಮ್ಮಾಯಿ ಹೋದರು. ಮುಂದಿನ ರಂಜಾನ್ ನೋಂಬಿನ ತಿಂಗಳಲ್ಲಿ ಮೇಷ್ಟ್ರೂ ಹೋದರು. ಎಲ್ಲರಂತೆ ನಾನೂ ಮೂರು ಹಿಡಿ ಮಣ್ಣು ಹಾಕಿದೆ.

ಕೋಝಿಕ್ಕೋಡಿನ ಲೆಕ್ಚರರ್ ಪುಸ್ತಕ ಬರೆಯುತ್ತಿದ್ದಾರೆ. ಆ ಲಿಪಿ ಅವರಿಗೆ ಓದಲು ಬರುವುದಿಲ್ಲ; ಬಲ್ಲವರು ಅಲ್ಲಿ ಬೇರೆ ಸಿಕ್ಕಾರು, ಆದರೂ ಮೊದಲು ಕೇಳಿದ್ದು ನನ್ನನ್ನೇ. ಮೊನ್ನೆ ಫೋನ್ ಮಾಡಿ, ನಿಮ್ಮ ಕನ್ನಡ ಪ್ರತಿಯಲ್ಲಿ ಆರೇ ಇವೆ, ಏಳನೇ ಕಾಗದದಲ್ಲಿ ಏನಿತ್ತು, ನೀವೇ ಅಲ್ಲವೇ ಟೈಪ್ ಮಾಡಿದ್ದು ಎಂದು ಕೇಳಿದರು. ಗೊತ್ತಿಲ್ಲ ಎಂದರೆ ಸುಳ್ಳಾಗುತ್ತಿತ್ತು. ಎರಡು ಬೆರಳಿನಲ್ಲಿ ಹೊಡೆದದ್ದು, ಒಂದೊಂದು ಸಾಲೂ ನೆನಪಿದೆ. ಗೊತ್ತಿದೆ ಮೇಡಂ, ಆದರೆ ಹೇಳುವುದಿಲ್ಲ ಎಂದೆ.